ಯಾವ ಸಪ್ಪಳ?

ಫೆಬ್ರುವರಿ ಮೊದಲ ವಾರ ಆಯಿ ಅಕ್ಕಲಕೋಟದಿಂದ ನಮ್ಮ ಮನೆಗೆ ಬಂದಳು. ಒಂದು ಕಣ್ಣಿನ ಪೊರೆ ತೆಗೆಸಿದ್ದೆವು. ಹನಿ ಹಾಕಲು ಹಳ್ಳಿಯಲ್ಲಿ ಯಾರೂ ಇಲ್ಲ, ತಿಂಗಳೊಪ್ಪತ್ತು ಸೋಲಾಪುರದಲ್ಲೇ ಇರಲಿ ಎಂದು ಅಪ್ಪ ಹಟ ಹಿಡಿದು ಕರೆತಂದಿದ್ದ. ನಮ್ಮದು ಎರಡೇ ಖೋಲಿಯ ಪತ್ರಾ ಮನೆ. ಒಳಗಿನ ಖೋಲಿ ಅವ್ವನಿಗೆ ಮತ್ತು ಹತ್ತನೆಯ ಪರೀಕ್ಷೆಗೆ ಓದುತ್ತಿದ್ದ ತಂಗಿಗೆ. ಹೊರಗಿನದರಲ್ಲಿ ಅಪ್ಪ, ನಾನು, ಈಗ ಆಯಿ, ಮೂಲೆಯ ಟೇಬಲ್ ಮೇಲೆ ನನ್ನ ಕಂಪ್ಯೂಟರ್.

ಆ ರಾತ್ರಿ ನಮ್ಮ ಯುವ ತಂಡದ ಕ್ರಿಸ್ಮಸ್ ನಾಟಕದ ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಚ್ಚಿ ಮಲಗಿದ್ದೆ. (ಹೌದು, ಫೆಬ್ರುವರಿಯಲ್ಲಿ. ಗ್ರೂಪಿನಲ್ಲಿ ದಿನಾ ಕೇಳುತ್ತಿದ್ದವರೆಲ್ಲ ಕ್ಷಮಿಸಬೇಕು.) ಹನ್ನೊಂದರ ಸುಮಾರಿಗೆ ಆಯಿ ಎದ್ದು ಕೂತಳು.

"ತಮ್ಮಾ, ಈ ಹೊತ್ತಿನ್ಯಾಗ ಯಾರೋ ಗಿರಣಿ ಹಚ್ಚಿದವರು?"

"ಗಿರಣಿ ಅಲ್ಲ ಆಯಿ, ಕಂಪ್ಯೂಟರ್."

"ಹಂಗಾರ ಅದಕ್ಕೂ ಮಲ್ಕೋ ಅಂತ ಹೇಳು."

ನಾನು ಲೈಟ್ ಹಾಕಿದ್ದಕ್ಕೆ ಅಪ್ಪನಿಗೆ ಎಚ್ಚರವಾಯಿತು. ಏನಾತು ಅಂದ. ಸಪ್ಪಳಕ್ಕ ಆಯಿಗೆ ನಿದ್ದಿ ಬರವಲ್ದಂತ ಅಂದೆ. ಅಪ್ಪ ಟೇಬಲ್ಲಿಗೆ ಮೂರು ಫೂಟು ದೂರದಲ್ಲಿ ಮಲಗಿದ್ದವನು, "ಯಾವ ಸಪ್ಪಳ?" ಎಂದು ಮಗ್ಗುಲು ಬದಲಿಸಿದ. ನಾನೂ ಆಯಿಯೂ ನಕ್ಕೆವು. ಲೂಮಿನ ಮೇಲೆ ಹನ್ನೆರಡು ತಾಸು ನಿಂತು ಬಂದವನಿಗೆ ಎಲ್ಲಿ ಬಿದ್ದರೂ ನಿದ್ದೆ ಎಂದುಕೊಂಡೆ.

ನನ್ನ ಮಷಿನ್ ಬಗ್ಗೆ ಸ್ವಲ್ಪ ಹೇಳಬೇಕು. ಒಳಗಿರುವುದು ಆರ್‌ಎಕ್ಸ್ 580, ಸೆಕೆಂಡ್ ಹ್ಯಾಂಡ್. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ನಾಣ್ಯದ ಮೈನಿಂಗ್ ನಿಂತುಹೋಯಿತು. ಅದಕ್ಕಾಗಿ ಹಗಲೂ ರಾತ್ರಿ ದುಡಿದ ಕಾರ್ಡುಗಳು ರಾಶಿರಾಶಿಯಾಗಿ ಮಾರಾಟಕ್ಕೆ ಬಂದಾಗ ನನಗೆ ಸಿಕ್ಕಿದ್ದು ಇದು. ಡವಿಂಚಿ ರಿಸಾಲ್ವ್‌ನಲ್ಲಿ ವಿಡಿಯೊ ಕೆಲಸಕ್ಕೆ ಇಂಥದ್ದೊಂದು ಬೇಕೇ ಬೇಕಿತ್ತು. ಆದರೆ ಅದು 185 ವಾಟ್ ತಿನ್ನುವ ಕಾರ್ಡು. ತಿಂದದ್ದೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ಅದನ್ನು ನಾನು ಸ್ಟೀಲಿನ ಡಬ್ಬಿಯಷ್ಟೇ ಇರುವ ಕ್ಯಾಬಿನೆಟ್ಟಿನಲ್ಲಿ ತುರುಕಿದ್ದೆ, ಏಕೆಂದರೆ ಟೇಬಲ್ ಮೇಲೆ ತಂಗಿಯ ಪುಸ್ತಕಗಳಿಗೂ ಜಾಗ ಬೇಕು. ಬಿಸಿ ಹೊರಗೆ ಹೋಗಲು ಹಿಂದೆ ಒಂದು ಫ್ಯಾನ್. ಗಾಳಿ ಒಳಗೆ ಬರಲು ತಳದಲ್ಲಿ ಜಾಳಿಗೆ. ಆ ಜಾಳಿಗೆಯ ಕೆಳಗೆ ಅವ್ವ ಹಾಸಿದ ಟೇಬಲ್ ಕ್ಲಾತ್!

ಮೊದಲು ಮಾಡಿದ್ದು ಶುದ್ಧ ಹುಚ್ಚುತನ. ಮರುದಿನ ರಾತ್ರಿ ಕ್ಯಾಬಿನೆಟ್ಟಿಗೆ ಒಂದು ಸೋಲಾಪುರಿ ಚಾದರ ಹೊದಿಸಿದೆ. ಐದು ನಿಮಿಷ ಎಂಥ ಶಾಂತಿ! ಆಮೇಲೆ ಫ್ಯಾನು ಮೊದಲಿಗಿಂತ ಜೋರಾಗಿ ಕಿರುಚಿತು, ಹತ್ತು ನಿಮಿಷಕ್ಕೆ ಮಷಿನ್ ತಾನೇ ಬಂದ್ ಆಯಿತು. ಬಿಎಸ್ಸಿ ಓದಿದವನು ಮಾಡುವ ಕೆಲಸವಲ್ಲ, ಒಪ್ಪುತ್ತೇನೆ. ಸಪ್ಪಳ ಬರುವುದು ಫ್ಯಾನಿನಿಂದ, ಫ್ಯಾನು ಓಡುವುದು ಬಿಸಿಗೆ. ಬಾಯಿ ಮುಚ್ಚಿಸಿದರೆ ಬಿಸಿ ಹೆಚ್ಚಾಗಿ ಇನ್ನೂ ಜೋರಾಗಿ ಕೂಗುತ್ತದೆ.

ತಪ್ಪು ಕಾರ್ಡಿನದೋ ಕ್ಯಾಬಿನೆಟ್ಟಿನದೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಕೆಲಸ ಹಚ್ಚಿ, ಪಕ್ಕದ ಬಾಗಿಲು ತೆಗೆದು ಹತ್ತು ನಿಮಿಷ ನೋಡಬೇಕು. ನನ್ನದು ಮುಚ್ಚಿದಾಗ 84 ಡಿಗ್ರಿ, ತೆಗೆದಾಗ 74. ಅಂದರೆ ಕಾರ್ಡು ತಾನೇ ಉಗುಳಿದ ಬಿಸಿ ಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತಿತ್ತು. ನಾಲ್ಕು ದಪ್ಪ ಖೋಡರಬ್ಬರ್ ತಂದು ಕ್ಯಾಬಿನೆಟ್ಟಿನ ನಾಲ್ಕು ಮೂಲೆಗೆ ಕಾಲಿನಂತೆ ಅಂಟಿಸಿದೆ. ತಳದಿಂದ ಗಾಳಿ ಬರತೊಡಗಿತು, ಟೇಬಲ್ಲು ಗುಂಯ್‌ಗುಡುವುದೂ ನಿಂತಿತು. ಇಷ್ಟು ಖರ್ಚಿಗೆ ಇದಕ್ಕಿಂತ ದೊಡ್ಡ ಲಾಭ ಆಮೇಲೆ ಯಾವುದರಿಂದಲೂ ಸಿಗಲಿಲ್ಲ.

ರವಿವಾರ ಕಾರ್ಡು ಬಿಚ್ಚಿದೆ. ಹೀಟ್‌ಸಿಂಕಿನ ಅಲ್ಯೂಮಿನಿಯಂ ಪದರುಗಳ ನಡುವೆ ಧೂಳು ಇರುತ್ತದೆಂದು ಗೊತ್ತಿತ್ತು. ಆದರೆ ಕಂಡದ್ದು ಧೂಳಲ್ಲ, ಹತ್ತಿ. ಸಣ್ಣ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯ ತುಂಡಿನಂತೆ ಕೂತಿದ್ದವು. ಚಿಮಟಿಗೆಯಿಂದ ಎಳೆದರೆ ಹಾಳೆಯಂತೆ ಎದ್ದು ಬಂತು. ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಟವೆಲ್, ಚಾದರ ನೇಯುವ ಕಾರ್ಖಾನೆಗಳು ಎಷ್ಟಿವೆ ಎಂದು ನಿಮಗೇ ಗೊತ್ತು. ಅಪ್ಪ ದಿನಾ ಸಂಜೆ ಆ ಎಳೆಗಳನ್ನು ಅಂಗಿಯ ಮೇಲೆ, ಹುಬ್ಬಿನ ಮೇಲೆ ಹೊತ್ತು ತರುತ್ತಾನೆ, ಅದೇ ಖೋಲಿಯಲ್ಲಿ ಅಂಗಿ ಝಾಡಿಸುತ್ತಾನೆ. ನಾನು ಹೊರಗಿನಿಂದ ಹೊದಿಸುವ ಮೊದಲೇ ಕಾರ್ಡು ಒಳಗೆ ಚಾದರ ಹೊದ್ದುಕೊಂಡಿತ್ತು.

ನೀವೂ ತೆಗೆಯುವುದಾದರೆ ಒಂದು ಮಾತು: ಬ್ಲೋವರ್ ಹಚ್ಚುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಗೆ ಬೇಕಾಬಿಟ್ಟಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಗೋಡೆಯ ಸುಣ್ಣದಂತಾಗಿತ್ತು. ಅದನ್ನು ಒರೆಸಿ, ನವಿ ಪೇಠದಿಂದ ತಂದ ಹೊಸದನ್ನು ಹಚ್ಚಿದೆ.

ಮುಂದಿನದು ಪುಕ್ಕಟೆ ಕೆಲಸ, ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು. ಚಿಪ್ಪು ತಿನ್ನುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕಂಪನಿಯವರು ಎಲ್ಲ ಕಾರ್ಡುಗಳೂ ಓಡಲಿ ಎಂದು ಸ್ವಲ್ಪ ಹೆಚ್ಚೇ ಇಟ್ಟಿರುತ್ತಾರೆ. ಎಎಂಡಿಯ ಅಡ್ರಿನಲಿನ್ ಸಾಫ್ಟ್‌ವೇರ್‌ನಲ್ಲಿ 1150 ಮಿಲಿವೋಲ್ಟ್ ಇದ್ದದ್ದನ್ನು 25ರಂತೆ ಇಳಿಸುತ್ತ ಹೋದೆ, ಪ್ರತಿ ಸಲ ಅರ್ಧ ತಾಸು ದುಡಿಸಿ ನೋಡಿದೆ. 1025ಕ್ಕೆ ಪರದೆ ಕಪ್ಪಾಯಿತು. 1050ಕ್ಕೆ ನಿಲ್ಲಿಸಿದೆ. ಲೆಕ್ಕ ಹಾಕಿ ನೋಡಿ, ಚಿಪ್ಪಿನ ಬಿಸಿ ಸುಮಾರು 17 ಶೇಕಡಾ ಕಡಿಮೆ, ವೇಗ ಅಷ್ಟೇ.

ಕೊನೆಗೆ ಫ್ಯಾನು. ಕಾರ್ಡಿನ ಸಣ್ಣ ಫ್ಯಾನುಗಳನ್ನು ಪ್ಲಾಸ್ಟಿಕ್ ಹೊದಿಕೆ ಸಮೇತ ತೆಗೆದು, ಎರಡು 120 ಮಿಲಿಮೀಟರಿನ ಕ್ಯಾಬಿನೆಟ್ ಫ್ಯಾನುಗಳನ್ನು ಝಿಪ್ ಟೈಯಿಂದ ಹೀಟ್‌ಸಿಂಕಿಗೇ ಕಟ್ಟಿದೆ. ದೊಡ್ಡ ರೆಕ್ಕೆ ನಿಧಾನ ತಿರುಗಿದರೂ ಬೇಕಾದಷ್ಟು ಗಾಳಿ ಕೊಡುತ್ತದೆ. ಒಂದು ಫ್ಯಾನಿನ ವೇಗ ಅರ್ಧವಾದರೆ ಸಪ್ಪಳ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಇಳಿದರೇ ನಮ್ಮ ಕಿವಿಗೆ ಅರ್ಧವಾದಂತೆ. ಎರಡನ್ನೂ ಒಂದೇ ವೇಗಕ್ಕೆ, ನಿಮಿಷಕ್ಕೆ 900 ಸುತ್ತಿಗೆ ಇಟ್ಟೆ. ನಿದ್ದೆ ಕೆಡಿಸುವುದು ಏರಿಳಿಯುವ ಸಪ್ಪಳ. ಒಂದೇ ಸಮನಿದ್ದರೆ ಕಿವಿ ಅದನ್ನು ಮರೆತುಬಿಡುತ್ತದೆ. ಆಯಿಯ ದಿಂಬಿನ ಹತ್ತಿರ ಮೊಬೈಲ್ ಇಟ್ಟು ಅಳೆದಾಗ ಮೊದಲು 52 ಡೆಸಿಬೆಲ್ ಇದ್ದದ್ದು ಈಗ 36. ಮೊಬೈಲಿನ ಅಳತೆ ಪಕ್ಕಾ ಅಲ್ಲ, ಆದರೆ ಅದೇ ಮೊಬೈಲು, ಅದೇ ಜಾಗ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45.

ಇಷ್ಟಾದರೂ ಒಂದು ಸಣ್ಣ ಸಿಳ್ಳು ಉಳಿದಿತ್ತು. ಜೀರುಂಡೆಯಂಥದು, ಫ್ಯಾನಿನದಲ್ಲ, ಕಾರ್ಡಿನ ಕಾಯಿಲುಗಳದು. ಗೇಮಿನ ಮೆನು ತೆರೆದಾಗ ಜೋರಾಗುತ್ತಿತ್ತು. ಸೆಕೆಂಡಿಗೆ 60 ಫ್ರೇಮ್‌ಗೆ ಕಟ್ಟಿಹಾಕಿದರೆ ತಗ್ಗುತ್ತದೋ ನೋಡೋಣವೆಂದು ಎಲ್ಲರನ್ನೂ ಕರೆದೆ. ಒಳಗಿನ ಖೋಲಿಯಿಂದಲೇ ತಂಗಿ "ಕೇಳಸ್ತದ" ಅಂದಳು. ಅವ್ವ ಹತ್ತಿರ ಬಂದು ಹೌದು ಅಂದಳು. ಅಪ್ಪ ಕ್ಯಾಬಿನೆಟ್ಟಿಗೆ ಕಿವಿ ಹಚ್ಚಿ ಬಹಳ ಹೊತ್ತು ನಿಂತ. ಆಮೇಲೆ ನನ್ನ ಮುಖ ನೋಡಿ, "ಚಾಲೂ ಅದ ಏನು?" ಅಂದ.

ಈ ಸಲ ಯಾರೂ ನಗಲಿಲ್ಲ. 74ರ ಆಯಿಗೆ ಕೇಳಿದ ಗಿರಣಿ 52ರ ಅಪ್ಪನಿಗೆ ಕೇಳಿರಲಿಲ್ಲ ಎಂಬುದು ಆಗ ತಲೆಗೆ ಹೊಳೆಯಿತು. ಟೀವಿಯ ಸೌಂಡು, ಹಿಂದಿನಿಂದ ಕರೆದರೆ ಓ ಅನ್ನದೆ ಇರುವುದು, ಚರ್ಚಿನಲ್ಲಿ ಗಾಯನ ಮುಗಿದ ಮೇಲೂ ಒಬ್ಬನೇ ಒಂದು ಸಾಲು ಹಾಡುವುದು (ನಮ್ಮ ತಂಡದಲ್ಲಿ ಎಷ್ಟು ಜನ ಇದಕ್ಕೆ ನಕ್ಕಿದ್ದೀರಿ, ನಾನೂ ನಕ್ಕಿದ್ದೇನೆ). ಅವ್ವ ಅದನ್ನು ಸಿಟ್ಟು ಎಂದು ತಿಳಿದಿದ್ದಳು, ನಾನು ಹಟ ಎಂದು.

ಹೆಡ್‌ಫೋನ್ ಹಾಕಿ ಮೊಬೈಲಿನಿಂದ ಒಂದೊಂದೇ ಸ್ವರ ಕೇಳಿಸಿದೆ. 250 ಹರ್ಟ್ಸ್‌ಗೆ ತಲೆ ಆಡಿಸಿದ. 1000ಕ್ಕೂ ಆಡಿಸಿದ. 4000ಕ್ಕೆ ಸುಮ್ಮನೆ ನನ್ನನ್ನೇ ನೋಡುತ್ತ ಕೂತ. ಮರುವಾರ ಆಸ್ಪತ್ರೆಯಲ್ಲಿ ಆಡಿಯೊಮೆಟ್ರಿ ಮಾಡಿಸಿದೆವು. ಎರಡೂ ಕಿವಿಯ ಗೆರೆ 4000ದ ಹತ್ತಿರ ಬಾವಿಯಂತೆ ಇಳಿದಿತ್ತು. ದೊಡ್ಡ ಸಪ್ಪಳದಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಮೊದಲು ಸೋಲುವುದೇ ಅಲ್ಲಿ. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಯಬೇಕು ಅಂದರು ಡಾಕ್ಟರು. ಕಿವಿಗೆ ಹಾಕುವ ಪ್ಲಗ್ ಬರೆದುಕೊಟ್ಟರು.

ಶಟಲ್ ಲೂಮುಗಳ ಶೆಡ್ಡಿನಲ್ಲಿ 95ರಿಂದ 100 ಡೆಸಿಬೆಲ್ ಸಾಮಾನ್ಯ. ಕಾರ್ಖಾನೆ ನಿಯಮಗಳಲ್ಲಿ 8 ತಾಸಿನ ಪಾಳಿಗೆ ಮಿತಿ 90. ಡೆಸಿಬೆಲ್ 50 ಹೆಚ್ಚಾದರೆ ಶಬ್ದದ ಶಕ್ತಿ ಒಂದು ಲಕ್ಷ ಪಟ್ಟು. ಈ ಲೆಕ್ಕ ನನಗೆ ಕಾಲೇಜಿನಲ್ಲೇ ಬರುತ್ತಿತ್ತು, ಆ ಕಾಲೇಜಿನ ಫೀ ಬಂದದ್ದು ಅಪ್ಪನ ಲೂಮಿನಿಂದ. ನನ್ನ 52 ಡೆಸಿಬೆಲ್ಲಿಗೆ ಮೂರು ವಾರ, ಎರಡು ಸಾವಿರ ರೂಪಾಯಿ ಹಾಕಿದೆ. ಅವನ ಕಿವಿಯ ಬಗ್ಗೆ 26 ವರ್ಷದಲ್ಲಿ ಒಂದು ದಿನವೂ ಯೋಚಿಸಿರಲಿಲ್ಲ.

ಪ್ಲಗ್ಗಿನ ವಿಷಯದಲ್ಲಿ ಅಪ್ಪನದು ಬೇರೆ ಮಾತು. "ಎಳಿ ಹರದ್ರ ಲೂಮಿನ ಸಪ್ಪಳ ಬದಲಾಗ್ತದ. ಅದು ಕೇಳ್ಸಲಿಲ್ಲಂದ್ರ ಥಾನ್ ಹಾಳಾಗ್ತದ, ಪಗಾರ ಕಟ್ ಆಗ್ತದ. ನಿನ್ನ ಡಾಕ್ಟರ್ ಕೊಡ್ತಾನೇನು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ಲಗ್ಗು ಎಂಟು ದಿನ ಅಂಗಿಯ ಕಿಸೆಯಲ್ಲಿ ಸುಪಾರಿ ಪುಡಿಯ ಜೊತೆ ತಿರುಗಾಡಿತು.

ನಮ್ಮ ಚರ್ಚಿನ ಎಷ್ಟೋ ಮನೆಗಳಲ್ಲಿ ಲೂಮಿನ ಮೇಲೆ ದುಡಿಯುವವರಿದ್ದಾರೆ. ಕಾರ್ಡು ಸ್ವಚ್ಛ ಮಾಡಿಸಬೇಕಾದವರು ರವಿವಾರ ಪೂಜೆ ಆದ ಮೇಲೆ ತನ್ನಿ, ಬ್ರಶ್ಶು ಪೇಸ್ಟು ನನ್ನ ಹತ್ತಿರ ಇವೆ. ಆದರೆ ಮೊದಲು ಮನೆಯಲ್ಲಿ ಹಿರಿಯರ ಹಿಂದೆ ನಿಂತು ಸಣ್ಣ ದನಿಯಲ್ಲಿ ಒಮ್ಮೆ ಕರೆದು ನೋಡಿ.

ಆಯಿ ಮಾರ್ಚಿನಲ್ಲಿ ಅಕ್ಕಲಕೋಟಕ್ಕೆ ಹೊರಟಳು. ಬಸ್ಸು ಹತ್ತುವ ಮೊದಲು ಅಪ್ಪನ ಕಿವಿ ಹಿಡಿದು, ಅಕ್ಷರಶಃ ಕಿವಿ ಹಿಡಿದು, ಸ್ಟ್ಯಾಂಡಿನಲ್ಲಿ ಎಲ್ಲರೂ ನೋಡುವಂತೆ ಜೋರಾಗಿ ಹೇಳಿದಳು: "ಹಾಕ್ಕೋ!" ಆ ಸೋಮವಾರ ಪಾಳಿ ಮುಗಿಸಿ ಬಂದ ಅಪ್ಪನನ್ನು ಅವ್ವ ಕೇಳಿದಳು.

"ಹಾಕ್ಕೊಂಡಿದ್ದೆ," ಅಂದ ಅಪ್ಪ, ಅಂಗಿ ಬಿಚ್ಚಿ ಬಾಗಿಲ ಹೊರಗೆ ಝಾಡಿಸುತ್ತ. "ಒಂದ್ ಕಿವಿಗೆ."