ಒಳಮೂಲೆಯ ತಗಡು

ನಮ್ಮ ಶಿರಸಿಯ ಮನೆಯಲ್ಲಿ ಅಡುಗೆಮನೆಯ ಮಾಡು ದೊಡ್ಡ ಮಾಡಿಗೆ ಕೂಡುವ ಒಳಮೂಲೆ ಪ್ರತಿ ಮಳೆಗಾಲವೂ ಸೋರುತ್ತಿತ್ತು. ನಮ್ಮವರು ಹೆಂಚು ಬದಲಿಸುತ್ತಿದ್ದರು, ನಾನು ಬಕೆಟ್ ಇಡುತ್ತಿದ್ದೆ. ಅಲ್ಲೇ ಅತ್ತೆಯವರು ಜಾರಿಬಿದ್ದು ಸೊಂಟ ಮುರಿದುಕೊಂಡರು. ನೆಲ ಒರೆಸಲಿಲ್ಲವೆಂದು ಮಾತು ಬಂದದ್ದು ನನಗೇ.

ಈ ಬೇಸಿಗೆಯಲ್ಲಿ ಬಂದ ಮುದುಕ ಕೆಲಸಗಾರ ಹೆಂಚು ಸರಿಸಿ ನಕ್ಕ. "ಅಕ್ಕೋರೇ, ಮೇಲಿನ ತಗಡು ಕೆಳಗಿನದರ ಅಡಿಗೆ ಹೋಗಿದೆ. ನೀರು ಮನೆಯೊಳಗೆ ಬರದೆ ಇನ್ನೆಲ್ಲಿ ಹೋಗ್ತದೆ?" ಸಾಲದ್ದಕ್ಕೆ ನಟ್ಟನಡುವೆ ಮೊಳೆ ಬೇರೆ! ಆತ ಕೆಳಗಿನಿಂದ ಶುರುಮಾಡಿ, ಮೇಲಿನ ತುಂಡು ಕೆಳಗಿನದರ ಮೇಲೆ ಗೇಣುದ್ದ ಬರುವಂತೆ ಹಾಸಿದ; ಅಂಚು ಮಡಿಚಿ ಎತ್ತಿದ; ಹೆಂಚುಗಳನ್ನು ಓರೆಯಾಗಿ ಕತ್ತರಿಸಿ ನಡುವೆ ನೀರಿಗೆ ದಾರಿ ಬಿಟ್ಟ.

ಮೊದಲ ಮಳೆಯ ರಾತ್ರಿ ಅಭ್ಯಾಸಬಲದಿಂದ ಬಕೆಟ್ ಇಟ್ಟೆ. ಬೆಳಿಗ್ಗೆ ಅದರಲ್ಲಿ ಒಂದು ಹನಿಯೂ ಇರಲಿಲ್ಲ. ತೋರಿಸೋಣವೆಂದರೆ ಅತ್ತೆಯವರಿಲ್ಲ.