ಜೋಡಿ ಕಟ್ಟೋರು ಬೇಕು

ನಮ್ಮ ಮಲ್ಲತ್ತಹಳ್ಳಿ ಹೆಸರಲ್ಲೇ ಮಲ್ಲ ಇದ್ದಾನೆ, ಆದ್ರೆ ನಾವು ಹುಡುಗರು ಕುಸ್ತಿ ಕಲಿತಿದ್ದು ಟ್ರಂಪ್ ಕಾರ್ಡಿನಲ್ಲಿ. ಅಂಡರ್‌ಟೇಕರ್ ಕಾರ್ಡು ಸಿಕ್ಕಿದವನೇ ಬೀದಿಗೆ ರಾಜ. 2007ರಲ್ಲಿ ಗ್ರೇಟ್ ಖಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದಾಗ ನಾವೇ ಗೆದ್ದಷ್ಟು ಖುಷಿ. "ಅದೆಲ್ಲ ನಾಟಕ ಕಣೋ" ಅಂತ ಅಪ್ಪ ಟಿವಿ ಆರಿಸೋರು.

ನಾಟಕ ಹೌದು, ಗೆಲ್ಲೋದು ಯಾರಂತ ಮೊದಲೇ ತೀರ್ಮಾನ. ಬೀಳೋದು ಮಾತ್ರ ನಿಜವಾದ ಹಲಗೆ ಮೇಲೆ. (ನಮ್ಮ ಆಫೀಸಿನ ಡೆಮೊಗಳೂ ಹೀಗೇ ಅನ್ನಿ.) 2012ರಲ್ಲಿ ಅಮೆರಿಕದ ಟಿಎನ್‌ಎ ಕಂಪನಿ ಪುಣೆಯಲ್ಲಿ ಚಿತ್ರೀಕರಿಸಿದ 'ರಿಂಗ್ ಕಾ ಕಿಂಗ್' ಕಲರ್ಸ್ ಚಾನೆಲ್ಲಿನಲ್ಲಿ ಬಂತು. ಪ್ರಚಾರಕ್ಕೆ ಹರ್ಭಜನ್ ಸಿಂಗ್. ಒಂದೇ ಸೀಸನ್ನಿಗೆ ಮುಗೀತು. 2015ರಲ್ಲಿ ಖಲಿ ಜಲಂಧರಿನಲ್ಲಿ ಸಿಡಬ್ಲ್ಯೂಇ ಶುರು ಮಾಡಿದ್ರು. ಅಲ್ಲಿ ಪಳಗಿದ ಕವಿತಾ ದೇವಿ 2017ರಲ್ಲಿ ಸಲ್ವಾರ್ ಕಮೀಜಿನಲ್ಲೇ ಡಬ್ಲ್ಯೂಡಬ್ಲ್ಯೂಇ ರಿಂಗಿಗೆ ಇಳಿದ್ರು.

ಪುಣೆಯದ್ದರಲ್ಲಿ ಏನು ಕಮ್ಮಿಯಿತ್ತು ಅಂತ ನನಗೆ ಹೊಳೆದದ್ದು ಮೈಸೂರು ದಸರಾ ಕುಸ್ತಿ ನೋಡಿದ ಮೇಲೆ. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ಪಂದ್ಯ. ಅದಕ್ಕೂ ಮುಂಚೆ ಒಂದು ದಿನ 'ಜೋಡಿ ಕಟ್ಟೋದು': ತೂಕ, ಮೈಕಟ್ಟು, ಪಳಗಿದ ಮಟ್ಟ ನೋಡಿ ಯಾರಿಗೆ ಯಾರು ಅಂತ ಹಿರಿಯರು ನಿರ್ಧರಿಸ್ತಾರೆ. ಅಲ್ಲಿಗೆ ಅವರ ಕೆಲಸ ಮುಗೀತು. ಯಾರ ಬೆನ್ನಿಗೆ ಮಣ್ಣು ಹತ್ತುತ್ತೆ ಅನ್ನೋದು ಅಖಾಡಕ್ಕೆ ಬಿಟ್ಟಿದ್ದು. ಪಕ್ಕದಲ್ಲಿದ್ದ ಯಜಮಾನರು "ನಮ್ ಗರಡಿ ಹುಡ್ಗ" ಅಂತ ತೊಡೆ ತಟ್ಟಿಕೊಂಡರು. ರಿಂಗ್ ಕಾ ಕಿಂಗ್‌ನಲ್ಲಿ ಯಾರ ಗರಡಿ ಹುಡುಗ ಇದ್ದ?

ನಮ್ಮ ಬೆಂಗಳೂರಲ್ಲಿ ಯಾರಾದ್ರೂ ಅಂಥ ಕಂಪನಿ ಕಟ್ಟೋದಾದ್ರೆ ಲೈಟು, ಹೊಗೆ ಮಷೀನಿಗೆ ಮೊದಲು ಜೋಡಿ ಕಟ್ಟೋ ಹಿರಿಯರೊಬ್ಬರನ್ನ ಕರೀಲಿ. ಮೊದಲ ಸಾಲಿನ ಟಿಕೆಟ್ಟು ನಾನು ತಗೋತೀನಿ.