ಅಂಕವೂ ಅಳತೆಯೂ

ಪರೀಕ್ಷೆಯೆಂದರೆ ಹತ್ತು ಪ್ರಶ್ನೆಗಳು, ಒಂದೊಂದಕ್ಕೆ ಹತ್ತು ಅಂಕಗಳು, ಸರಿಯಾದುವನ್ನು ಕೂಡಿದರೆ ಬಂದುದೇ ಫಲ ಎಂಬ ಭಾವನೆಯು ಜನರ ಮನಸ್ಸಿನಲ್ಲಿ ಆಳವಾಗಿ ಬೇರೂರಿದೆ. ಪರೀಕ್ಷಾಕ್ರಮವು ಇದೊಂದೇ ಅಲ್ಲ. ಪೂರ್ವದಲ್ಲಿ ಪಂಡಿತರು ಶಲಾಕಾಪರೀಕ್ಷೆಯೆಂಬುದೊಂದನ್ನು ನಡೆಸುತ್ತಿದ್ದರು. ಸಂಸ್ಕೃತ ಸ್ಪರ್ಧೆಗಳಲ್ಲಿ ಆ ಹೆಸರು ಈಗಲೂ ಉಳಿದುಬಂದಿದೆ. ಓಲೆಗರಿಯ ಗ್ರಂಥಕ್ಕೆ ಶಲಾಕೆಯನ್ನು ಚುಚ್ಚಿ, ಅದು ಯಾವ ಪತ್ರದಲ್ಲಿ ನಿಂತಿತೋ ಆ ಪತ್ರವನ್ನು ತೆರೆದು, ವಿದ್ಯಾರ್ಥಿಯಿಂದ ಅರ್ಥ ಹೇಳಿಸುವರು. ಕೇಳಿದುದು ಒಂದೆರಡು ಪತ್ರಗಳನ್ನಾದರೂ ನಿರ್ಣಯವಾಗುತ್ತಿದ್ದುದು ಸಮಗ್ರ ಗ್ರಂಥದಲ್ಲಿ ಅವನಿಗಿದ್ದ ಅಧಿಕಾರವು. ಹೇಳಿದ ಪತ್ರಗಳನ್ನು ಎಣಿಸಿ ಅಂಕ ಕೊಟ್ಟರೆಂದು ಯಾರೂ ಹೇಳುವುದಿಲ್ಲ. ಈಗ ಮೊಬೈಲಿನಲ್ಲಿ ನಡೆಯುವ ಕೆಲವು ಗಣಿತಪರೀಕ್ಷೆಗಳು ಈ ಶಲಾಕೆಯ ಕುಲಕ್ಕೇ ಸೇರಿದುವು. ಇದನ್ನು ತಿಳಿಯದೆ ಮಲೆನಾಡಿನ ಒಂದು ಮನೆಯಲ್ಲಿ ನಡೆದ ಮನಸ್ತಾಪವು ಇಲ್ಲಿ ಹೇಳತಕ್ಕ ವಿಷಯ.

ಕಳಸದ ಸಮೀಪದಲ್ಲಿ, ಭದ್ರೆಯ ಆಚೆಯ ದಡದಲ್ಲಿ, ಆರೇಳು ಎಕರೆ ಕಾಫಿಯುಳ್ಳ ಆ ಮನೆಯ ಮಗಳು 2024ರಲ್ಲಿ ಪದವಿ ತರಗತಿಗೆ ಸೇರುವವಳಿದ್ದಳು. ಅದಕ್ಕೆ ಮುಂಚೆ ಗಣಿತದ ಅಡಿಪಾಯವನ್ನು ಗಟ್ಟಿಮಾಡಿಕೊಳ್ಳಬೇಕೆಂದು ಒಂದು ಆನ್‌ಲೈನ್ ಪಾಠಕ್ರಮಕ್ಕೆ ಹೆಸರು ಕೊಟ್ಟಳು. ಮೊದಲ ದಿನದ ಪರೀಕ್ಷೆಯಲ್ಲಿ ಅವಳಿಗೆ ಬಂದುದು ನೂರಕ್ಕೆ 62. ಹದಿನೈದು ದಿವಸಗಳ ಕಾಲ, ನೆಟ್‌ವರ್ಕ್ ಸಿಕ್ಕುವ ಅಟ್ಟದ ಕಿಟಕಿಯ ಬಳಿ ರಾತ್ರಿ ಹತ್ತರವರೆಗೂ ಕುಳಿತು ಓದಿದಳು. ತರುವಾಯ ನಡೆದ ಮರುಪರೀಕ್ಷೆಯಲ್ಲಿ ಆ ಸಂಖ್ಯೆಯು 47ಕ್ಕೆ ಇಳಿಯಿತು. ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚುಕಡಿಮೆ ಅರ್ಧ ತಪ್ಪಾಗಿದ್ದುವು.

“ಹದಿನೈದು ದಿನ ಓದಿ ಹದಿನೈದು ಅಂಕ ಕಳೆದುಕೊಂಡೆಯಲ್ಲ! ಮೊಬೈಲು ಹಿಡಿದು ಮಾಡಿದ್ದೇನು?” ಎಂದರು ತಂದೆ.

“ಓದಿದ್ದೇನೆ ಅಪ್ಪಯ್ಯ,” ಎಂದಳೇ ಹೊರತು ಹುಡುಗಿಯು ಮತ್ತೇನನ್ನೂ ಹೇಳಲಿಲ್ಲ. ಮೊಬೈಲು ಬೀರುವಿನೊಳಗೆ ಸೇರಿತು. ಪದವಿಗೆ ಗಣಿತವನ್ನು ತೆಗೆದುಕೊಳ್ಳುವುದೇ ಬೇಡವೆಂಬ ಮಾತು ಆ ರಾತ್ರಿಯೇ ಹೊರಟಿತು.

ತಂದೆಯ ಕೋಪವು ಅಸಹಜವೆನ್ನಲಾಗದು. ಒಮ್ಮೆ ಕೊಟ್ಟ ಅಂಕವನ್ನು ಮರಳಿ ಕಿತ್ತುಕೊಳ್ಳುವ ಉಪಾಧ್ಯಾಯನನ್ನು ಯಾರು ಕಂಡಿದ್ದಾರೆ? ಆದರೆ ಇಲ್ಲಿ ಅಂಕವೆಂಬುದು ಸಂಪಾದನೆಯಲ್ಲ, ಅಳತೆ. ತಕ್ಕಡಿಯಲ್ಲಿ ಮೂಟೆಯನ್ನು ತೂಗುವವನು ಮೊದಲು ಐದು ಸೇರಿನ ಕಲ್ಲನ್ನಿಡುತ್ತಾನೆ; ಸಾಲದಿದ್ದರೆ ಇನ್ನೊಂದನ್ನು ಸೇರಿಸುತ್ತಾನೆ, ಹೆಚ್ಚಾದರೆ ತೆಗೆಯುತ್ತಾನೆ. ಈ ಪರೀಕ್ಷೆಯೂ ಹಾಗೆಯೇ. ಉತ್ತರವು ಸರಿಯಾದರೆ ಮುಂದಿನ ಪ್ರಶ್ನೆ ಕಠಿನವಾಗುತ್ತದೆ, ತಪ್ಪಾದರೆ ಸುಲಭವಾಗುತ್ತದೆ. ಡೆನ್ಮಾರ್ಕಿನ ರಾಶ್ ಎಂಬ ಗಣಿತಜ್ಞನು 1960ರಲ್ಲಿ ಪ್ರಕಟಿಸಿದ ಗ್ರಂಥದ ಸೂತ್ರದಂತೆ, ಪ್ರಶ್ನೆಯ ಕಾಠಿನ್ಯವೂ ವಿದ್ಯಾರ್ಥಿಯ ಸಾಮರ್ಥ್ಯವೂ ಸಮವಾದೆಡೆ ಉತ್ತರವು ಸರಿಯಾಗುವ ಸಂಭವವು ಸರಿಯಾಗಿ ಅರ್ಧ. ಆದುದರಿಂದ ಅರ್ಧ ತಪ್ಪಾಯಿತೆಂದರೆ ತಕ್ಕಡಿಯ ಮುಳ್ಳು ನಡುವೆ ನಿಂತಿತೆಂದು ಅರ್ಥ. ಜಾಣನಿಗೂ ಅರ್ಧ ತಪ್ಪುತ್ತದೆ, ಮಂದನಿಗೂ ಅರ್ಧ ತಪ್ಪುತ್ತದೆ. ಭೇದವಿರುವುದು ಎಂತಹ ಪ್ರಶ್ನೆಗಳಲ್ಲಿ ತಪ್ಪಿತೆಂಬುದರಲ್ಲಿ.

ಯಂತ್ರವಿಲ್ಲದೆಯೂ ಈ ಕ್ರಮವು ಹಳ್ಳಿಯ ಜಗಲಿಗಳಿಗೆ ಬಂದುಹೋಗಿದೆ. ಪ್ರಥಮ್ ಸಂಸ್ಥೆಯವರು 2005ರಲ್ಲಿ ಆರಂಭಿಸಿದ ಅಸರ್ ಸಮೀಕ್ಷೆಯಲ್ಲಿ ಮಕ್ಕಳಿಗೆ ಮೊದಲು ಕೊಡುವುದು ದಶಕ ತೆಗೆದುಕೊಂಡು ಕಳೆಯುವ ಲೆಕ್ಕವನ್ನು. ಅದು ಬಂದರೆ ಭಾಗಾಕಾರಕ್ಕೆ ಏರುವರು, ಬಾರದಿದ್ದರೆ ಅಂಕಿಗಳನ್ನು ಗುರುತಿಸುವುದಕ್ಕೆ ಇಳಿಯುವರು. ಮಗುವು ನಿಂತ ಮೆಟ್ಟಿಲೇ ಅಲ್ಲಿ ಫಲ. ಕೂಡಿ ಹಾಕುವ ಅಂಕವೆಂಬುದಿಲ್ಲ.

ಹುಡುಗಿಯ ಪಾಠಕ್ರಮದಲ್ಲಿ ಇನ್ನೊಂದು ಸೂಕ್ಷ್ಮವಿತ್ತು. 1985ರಲ್ಲಿ ದ್ವಾನ್ಯೋನ್ ಮತ್ತು ಫಾಲ್ಮಾನ್ ಎಂಬಿಬ್ಬರು ವಿದ್ವಾಂಸರು ಪ್ರತಿಪಾದಿಸಿದ ಸಿದ್ಧಾಂತದಿಂದ ಅದು ಬಂದುದು. ವರ್ಗಸಮೀಕರಣವನ್ನು ಬಿಡಿಸಬಲ್ಲವನಿಗೆ ಅಪವರ್ತನವೂ ಋಣಸಂಖ್ಯೆಗಳ ಗುಣಾಕಾರವೂ ತಿಳಿದಿರಲೇಬೇಕು. ಆದುದರಿಂದ ಅವನ್ನು ಕೇಳದೆಯೇ ತಿಳಿದಿದೆಯೆಂದು ಬರೆದುಕೊಳ್ಳಬಹುದು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ತಾರ್ಕಿಕನಿಗೆ ಇದು ಹೊಸದೇನೂ ಅಲ್ಲ. ಈ ಅನುಮಾನದ ಬಲದಿಂದಲೇ, ಅಮೆರಿಕದ ಕಾಲೇಜುಗಳು ಬಳಸುವ ಅಲೆಕ್ಸ್ ಎಂಬ ಪರೀಕ್ಷೆಯು 30ಕ್ಕೆ ಮೀರದ ಪ್ರಶ್ನೆಗಳಿಂದ ನೂರಾರು ವಿಷಯಗಳ ಲೆಕ್ಕವನ್ನು ಹೇಳುತ್ತದೆ. ಆದರೆ ಹೇತುವು ಸುಳ್ಳಾದರೆ ಅನುಮಾನವೂ ಬೀಳುತ್ತದೆ. ಮೇಲಿನ ಒಂದು ಪ್ರಶ್ನೆ ತಪ್ಪಿದಾಗ ಅದರ ಆಧಾರದಿಂದ ನಿಂತಿದ್ದ ನಾಲ್ಕಾರು ವಿಷಯಗಳು ಒಟ್ಟಿಗೆ ಕಳಚುವುದುಂಟು.

ಕನ್ನಡದಲ್ಲಿಯೂ ದೊರೆಯುವ ಖಾನ್ ಅಕಾಡೆಮಿಯ ಪಾಠಗಳಲ್ಲಿ ಲೆಕ್ಕವು ಇದಕ್ಕಿಂತ ಸರಳ. ಒಂದೊಂದು ಕೌಶಲಕ್ಕೆ ಪರಿಚಯದ ಮೆಟ್ಟಿಲಿಗೆ 50, ಪ್ರಾವೀಣ್ಯಕ್ಕೆ 80, ಪೂರ್ಣ ಪ್ರಭುತ್ವಕ್ಕೆ 100. ಹತ್ತು ಕೌಶಲಗಳಲ್ಲಿ ನಾಲ್ಕು ಪೂರ್ಣ, ಮೂರು ಪ್ರವೀಣ, ಎರಡು ಪರಿಚಿತ, ಒಂದು ಬಾರದೆ ಉಳಿದಿದ್ದರೆ ಸಾವಿರಕ್ಕೆ 740. ಘಟಕದ ಪರೀಕ್ಷೆಯಲ್ಲಿ ಪೂರ್ಣವಾಗಿದ್ದ ಎರಡು ತಪ್ಪಿದರೆ ಒಂದೊಂದು ಮೆಟ್ಟಿಲು ಇಳಿದು 700 ಆಗುತ್ತದೆ. ವಿದೇಶಕ್ಕೆ ಹೋಗುವವರು ಬರೆಯುವ ಜಿ.ಆರ್.ಇ. ಪರೀಕ್ಷೆಯ ಗಣಿತಭಾಗದಲ್ಲಿ ಮೊದಲ 12 ಪ್ರಶ್ನೆಗಳ ಫಲವನ್ನು ನೋಡಿ ಮುಂದಿನ 15ರ ಕಾಠಿನ್ಯವನ್ನು ಗೊತ್ತುಮಾಡುತ್ತಾರೆ. ಸರಿಯುತ್ತರಗಳ ಸಂಖ್ಯೆ ಒಂದೇ ಆದರೂ ಇಬ್ಬರಿಗೆ ಬೇರೆ ಬೇರೆ ಫಲ ಬರಬಹುದು. ಇಷ್ಟೆಲ್ಲ ಭೇದಗಳಿದ್ದರೂ ಹೊರಗೆ ಕಾಣಿಸುವುದು ಒಂದು ಸಂಖ್ಯೆ, ಬಹಳವೆಂದರೆ ಅದರ ಪಕ್ಕದಲ್ಲಿ ಶೇಕಡದ ಒಂದು ಗುರುತು. ಆ ಗುರುತನ್ನು ಕಂಡೊಡನೆ ತಂದೆತಾಯಿಗಳಿಗೆ ನೆನಪಾಗುವುದು ತಮ್ಮ ಕಾಲದ ಅಂಕಪಟ್ಟಿಯೇ. ಪಾಠಕ್ರಮದವರು ಇದನ್ನು ಎರಡು ವಾಕ್ಯಗಳಲ್ಲಿ ತಿಳಿಸಿದ್ದರೆ ಎಷ್ಟೋ ಮನೆಗಳಲ್ಲಿ ಊಟದ ಹೊತ್ತು ಶಾಂತವಾಗಿರುತ್ತಿತ್ತು. ಈ ಅಳತೆಯನ್ನೇ ಕಾಲೇಜಿನ ಅಂಕಗಳಿಗೆ ಸೇರಿಸುವ ಕಡೆಯಲ್ಲಂತೂ ತಕ್ಕಡಿಯ ಮೇಲೆ ಬೆರಳಿಡುವ ಆಸೆ ಯಾರಿಗೆ ತಾನೇ ಬಾರದು?

ಆಷಾಢದ ಮಳೆ ಹಿಡಿದಿತ್ತು. ಹೆಬ್ಬಾಳೆಯ ಸೇತುವೆಯ ಮೇಲೆ ಭದ್ರೆಯ ನೀರು ಬಂದಿದ್ದರಿಂದ ಬಳಸುದಾರಿಯಲ್ಲಿ ಜೀಪು ತಂದು ಹುಡುಗಿಯ ಸೋದರಮಾವ ಮನೆಗೆ ಬಂದರು. ಅವರದು ಮೂಡಿಗೆರೆಯಲ್ಲಿ ಕಾಫಿ ಕೊಳ್ಳುವ ವ್ಯಾಪಾರ. ಊಟವಾದ ಮೇಲೆ ಸಂಗತಿಯೆಲ್ಲವನ್ನೂ ಕೇಳಿದರು. ಅವರು ಗಣಿತ ಓದಿದವರಲ್ಲ. ಆದರೆ ಔಟ್‌ಟರ್ನ್ ನೋಡಿ ನೋಡಿ ಕೂದಲು ನೆರೆತವರು. 50 ಕಿಲೋ ಒಣಕಾಯಿಯ ಮೂಟೆಯಿಂದ ಒಂದಿಷ್ಟನ್ನು ತೆಗೆದು, ಸಿಪ್ಪೆ ಸುಲಿದು, ತೂಗಿ, ಇಡೀ ಮೂಟೆಗೆ 26 ಕಿಲೋ ಬೇಳೆ ಬಂದೀತೋ 28 ಬಂದೀತೋ ಎಂಬುದನ್ನು ಹೇಳುವುದು ಅವರ ಕಸುಬು.

“ಮೊದಲ ದಿನ ಪರೀಕ್ಷೆಗೆ ಕುಳಿತಾಗ ಪಕ್ಕದಲ್ಲಿ ಯಾರಿದ್ದರು ಮಗಳೇ?” ಎಂದು ಕೇಳಿದರು.

ಹುಡುಗಿಯು ತಂದೆಯ ಮುಖವನ್ನು ನೋಡಿ ತಲೆ ತಗ್ಗಿಸಿದಳು. ಮೊದಲ ದಿನವೇ ಮಗುವಿಗೆ ಅವಮಾನವಾಗಬಾರದೆಂದು, ತಮ್ಮ ಕಾಲದಲ್ಲಿ ಗಣಿತಕ್ಕೆ ಹೆಸರಾಗಿದ್ದ ತಂದೆಯೇ ಪಕ್ಕದಲ್ಲಿ ಕುಳಿತು ಒಂಬತ್ತು ಹತ್ತು ಉತ್ತರಗಳನ್ನು ಹೇಳಿಕೊಟ್ಟಿದ್ದರು.

ಮಾವನವರು ನಕ್ಕರು. “ಭಾವ, ಮೂಟೆಯ ಬಾಯಿಗೆ ಒಳ್ಳೆಯ ಕಾಯಿ ಸುರಿದು ತೋರಿಸುವವರನ್ನು ನೀವೇ ಎಷ್ಟು ಸಲ ಬಯ್ದಿದ್ದೀರಿ! ಮೊದಲನೆಯ ಸಲ ತೂಗಿದ್ದು ನಿಮ್ಮ ಕಾಯಿ. ಎರಡನೆಯ ಸಲ ಅವಳದು. ಅವಳೊಬ್ಬಳೇ ಕುಳಿತಿದ್ದರೆ ಮೊದಲ ದಿನ 40 ಬರುತ್ತಿತ್ತೋ ಏನೋ. ಹಾಗಾಗಿದ್ದರೆ ಈ 47ನ್ನು ನೋಡಿ ನೀವು ಪಾಯಸ ಮಾಡಿಸುತ್ತಿದ್ದಿರಿ.”

ತಂದೆಯು ಬಹಳ ಹೊತ್ತು ಮಾತನಾಡಲಿಲ್ಲ. ಆ 62ನ್ನು ನಂಬಿದ ಪಾಠಕ್ರಮವು ಹದಿನೈದು ದಿವಸವೂ ಮಗಳಿಗೆ ಅವಳ ಅಳವಿಗೆ ಮೀರಿದ ಪಾಠಗಳನ್ನೇ ಒಡ್ಡಿತ್ತೆಂಬುದೂ, ಅವಳು ರಾತ್ರಿ ಹತ್ತರವರೆಗೆ ತಿಣುಕುತ್ತಿದ್ದುದು ತಮ್ಮ ಉತ್ತರಗಳ ಭಾರದಡಿಯಲ್ಲೆಂಬುದೂ ಅವರಿಗೆ ಆಗ ಹೊಳೆದಿರಬೇಕು. “ನೀನಾದರೂ ಹೇಳಬಾರದಾಗಿತ್ತೇ?” ಎಂದರು.

“ನೀವು ಬೇಜಾರು ಮಾಡಿಕೊಳ್ಳುತ್ತೀರಿ ಅಂತ, ಅಪ್ಪಯ್ಯ.”

ಬೀರುವಿನಿಂದ ಹೊರಬಂದ ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ, ಮನೆಯಲ್ಲಿ ಕರೆಂಟೂ ಇರಲಿಲ್ಲ. ಮಾವನವರ ಜೀಪಿನಲ್ಲಿ ಅರ್ಧ ಗಂಟೆ ಚಾರ್ಜ್ ಆಯಿತು. ಪಾಠಗಳು 47ರಿಂದ ಮುಂದೆ ಸಾಗಿದುವು. ಗಣಿತ ಬೇಡವೆಂಬ ಮಾತು ಮತ್ತೆ ಏಳಲಿಲ್ಲ.

ಮುಂದಿನ ಪರೀಕ್ಷೆಯ ದಿವಸ ತಂದೆಯು ಅಟ್ಟಕ್ಕೆ ಹೋಗದೆ ಜಗಲಿಯಲ್ಲಿಯೇ ಹಳೆಯ ಪತ್ರಿಕೆಯನ್ನು ಹಿಡಿದು ಕುಳಿತರು. ಅದರ ಒಂದು ಪುಟವೂ ಮಗುಚಿದಂತೆ ಕಾಣಲಿಲ್ಲ. ಗಂಟೆಯಾದ ಮೇಲೆ ಮಗಳು ಇಳಿದು ಬಂದಳು.

“ಎಷ್ಟು ತಪ್ಪಾಯಿತು?”

“ಅರ್ಧದ ಹತ್ತಿರ.”

“ಯಾವ ಲೆಕ್ಕಗಳು? ತಾ, ನೋಡೋಣ,” ಎಂದು ಕನ್ನಡಕವನ್ನು ಹುಡುಕಿದರು.